ಹೊಸ ಊರಿನಲ್ಲಿ ರಿಲೀಫ್ ಟೀಚರ್ ಕೆಲಸ: ಬೆಳಗ್ಗೆ ಫೋನ್ ಮಾಡುವವರು ಯಾರು?

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಎಡ್. ಮುಗಿಸಿ ಕೆಲವು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಮದುವೆಯಾದ ಮೇಲೆ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದೆ. ಅಲ್ಲಿ ರಿಜಿಸ್ಟ್ರೇಶನ್ ಮಾಡಿಸಿಕೊಂಡು ಮೂರು ವರ್ಷ ರಿಲೀಫ್ ಟೀಚರ್ ಆಗಿದ್ದೆ, ಅಂದರೆ ರಜೆ ಹಾಕಿದ ಟೀಚರ್ ಬದಲಿಗೆ ದಿನದ ಲೆಕ್ಕದಲ್ಲಿ ಹೋಗಿ ಪಾಠ ಮಾಡುತ್ತಿದ್ದೆ. ವಾರಕ್ಕೆ ಮೂರ್ನಾಲ್ಕು ದಿನ ಕೆಲಸ ಸಿಗುತ್ತಿತ್ತು. ಯಜಮಾನರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದ್ದರಿಂದ ಜನವರಿಯಲ್ಲಿ ಇಲ್ಲಿಗೆ ಬಂದು ಟಾರ್ನೀಟ್‌ನಲ್ಲಿ ಮನೆ ಮಾಡಿದ್ದೇವೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಟೀಚರ್ ರಿಜಿಸ್ಟ್ರೇಶನ್ ಬಂದಿದೆ. ಸುಮಾರು ಮೂವತ್ತು ಶಾಲೆಗಳಿಗೆ ಇಮೇಲ್ ಕಳಿಸಿದೆ, ಶಾಲೆಗಳಿಗೆ ರಿಲೀಫ್ ಟೀಚರ್‌ಗಳನ್ನು ಕಳಿಸುವ ಎರಡು ಏಜೆನ್ಸಿಗಳಿಗೆ ಸೇರಿದೆ. ಈಗ ಫೆಬ್ರವರಿ ಮುಗಿಯುತ್ತಾ ಬಂತು, ಎರಡೇ ಎರಡು ದಿನ ಕೆಲಸ ಸಿಕ್ಕಿದೆ. ಆರು ವರ್ಷದ ಮಗಳಿದ್ದಾಳೆ, ತುಂಬಾ ದೂರ ಹೋಗುವುದು ಕಷ್ಟ. ನನ್ನ ಉಚ್ಚಾರಣೆಯಿಂದ ಹೀಗಾಗುತ್ತಿದೆಯಾ? ಒಂದು ವರ್ಷದ ಕಾಂಟ್ರಾಕ್ಟ್ ಕೆಲಸಕ್ಕೇ ಅರ್ಜಿ ಹಾಕಲಾ? ಗೊತ್ತಿರುವ ಕೆಲಸವೇ ಮರೆತುಹೋಯಿತೇನೋ ಅನಿಸುತ್ತಿದೆ.

ಉತ್ತರ:

ನಮಸ್ಕಾರ ಮೇಡಂ,

ನಿಮ್ಮ ಕೊನೆಯ ಸಾಲು ಓದಿ ಬೇಜಾರಾಯಿತು. ಕೆಲಸ ಮರೆತುಹೋಗಿಲ್ಲ. ನೀವು ಪಾಠ ಮಾಡುವುದನ್ನು ಮೆಲ್ಬರ್ನ್‌ನಲ್ಲಿ ಇನ್ನೂ ಯಾರೂ ಸರಿಯಾಗಿ ನೋಡೇ ಇಲ್ಲ, ಅಷ್ಟೇ. ಅಡಿಲೇಡ್‌ನಲ್ಲಿ ನಿಮಗೆ ವಾರಕ್ಕೆ ಮೂರ್ನಾಲ್ಕು ದಿನ ಸಿಗುತ್ತಿದ್ದದ್ದು ಬಯೋಡೇಟಾ ನೋಡಿ ಅಲ್ಲ. ಅಲ್ಲಿನ ನಾಲ್ಕೈದು ಶಾಲೆಗಳಲ್ಲಿ ಯಾರೋ ಒಬ್ಬರಿಗೆ ನಿಮ್ಮ ಮುಖ, ನಿಮ್ಮ ಕೆಲಸ ಗೊತ್ತಿತ್ತು. ಆ ಪರಿಚಯ ಊರು ಬಿಟ್ಟಾಗ ಅಲ್ಲೇ ಉಳಿಯಿತು. ಈಗ ಆಗಬೇಕಾದದ್ದು ಅದೇ ಪರಿಚಯವನ್ನು ಇಲ್ಲಿ ಮತ್ತೆ ಕಟ್ಟುವುದು. ಮೂವತ್ತು ಶಾಲೆ ಬೇಡ. ಐದಾರು ಸಾಕು.

ನಾನು ಮೆಲ್ಬರ್ನ್ ಶಾಲೆಗಳಲ್ಲಿ ಮೊದಲು ರಿಲೀಫ್ ಟೀಚರ್ ಆಗಿದ್ದೆ. ಆಮೇಲೆ ಹಲವು ವರ್ಷ ಡೇಲಿ ಆರ್ಗನೈಸರ್ ಕೆಲಸ ನೋಡಿಕೊಂಡೆ. ಅಂದರೆ ಬೆಳಗಾಗುವ ಮೊದಲೇ ಎದ್ದು, ಯಾವ ಟೀಚರ್ ರಜೆ ಹಾಕಿದ್ದಾರೆ, ಆ ಕ್ಲಾಸಿಗೆ ಯಾರನ್ನು ಕರೆಸೋದು ಎಂದು ಫೋನ್ ಹಿಡಿದು ಕೂರುವ ಕೆಲಸ. ಆ ಕಡೆ ಕೂತವರಿಗೆ ಏನು ಕಾಣುತ್ತದೆ ಅಂತ ಹೇಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ.

ನಮ್ಮೂರ ಶಾಲೆಗಳಲ್ಲಿ ಒಬ್ಬ ಟೀಚರ್ ರಜೆ ಹಾಕಿದರೆ ಪಕ್ಕದ ಕ್ಲಾಸಿನವರೇ ಎರಡೂ ಕ್ಲಾಸ್ ಸಂಭಾಳಿಸುತ್ತಾರೆ, ಅಲ್ವಾ? ಇಲ್ಲಿ ಹಾಗಲ್ಲ. ಬೆಳಗ್ಗೆ ಆರು ಗಂಟೆಗೆ ಒಬ್ಬರು 'ಜ್ವರ, ಬರೋಕಾಗಲ್ಲ' ಎಂದು ಮೆಸೇಜ್ ಹಾಕುತ್ತಾರೆ. ಒಂಬತ್ತಕ್ಕೆ ಗಂಟೆ ಹೊಡೆಯುವ ಹೊತ್ತಿಗೆ ಆ ಕೋಣೆಯಲ್ಲಿ ರಿಜಿಸ್ಟರ್ಡ್ ಟೀಚರ್ ಒಬ್ಬರು ನಿಂತಿರಬೇಕು. ಡೇಲಿ ಆರ್ಗನೈಸರ್ ಮೊದಲು ನೋಡುವುದು ತಮ್ಮ ಶಾಲೆಯದೇ ಪಟ್ಟಿ. ಅದರಲ್ಲೂ ಮೇಲಿನ ಏಳೆಂಟು ಹೆಸರು. ಅವರಲ್ಲಿ ಯಾರೂ ಸಿಗದಿದ್ದರೆ ಕ್ಲಾಸ್‌ಕವರ್‌ನಂಥ ಆಪ್‌ನಲ್ಲಿ ಹಾಕುತ್ತಾರೆ. ಅದಕ್ಕೂ ಯಾರೂ ಬಾರದಿದ್ದರೆ ಕೊನೆಗೆ ಏಜೆನ್ಸಿಗೆ ಫೋನ್. ಏಜೆನ್ಸಿಯಿಂದ ಕರೆಸಿದರೆ ಶಾಲೆಗೆ ಖರ್ಚು ಜಾಸ್ತಿ, ಹಾಗಾಗಿ ಅದು ಕೊನೆಗೆ. ನೀವು ನಿಂತಿರುವುದು ಈ ಸಾಲಿನ ತುದಿಯಲ್ಲಿ. ಅದಕ್ಕೇ ಫೋನ್ ಬರುತ್ತಿಲ್ಲ.

ಇಮೇಲ್ ಕಥೆಯೂ ಇದೇ. ಶಾಲೆಯ ವೆಬ್‌ಸೈಟ್‌ನಲ್ಲಿರುವ ವಿಳಾಸಕ್ಕೆ ಕಳಿಸಿದ್ದು ಆಫೀಸಿನ ಇನ್‌ಬಾಕ್ಸ್‌ಗೆ ಬೀಳುತ್ತದೆ. ಅಲ್ಲಿ ಅಡ್ಮಿಶನ್ ಕೇಳುವವರು, ಯೂನಿಫಾರ್ಮ್ ಕೇಳುವವರು, ಸಾಮಾನು ಮಾರುವವರು ಎಲ್ಲರ ಮೇಲ್ ಇರುತ್ತದೆ. ಆಫೀಸಿನವರು ಪುರುಸೊತ್ತಾದರೆ ಮುಂದೆ ಕಳಿಸುತ್ತಾರೆ. ಕಳಿಸಿದರೂ ಮೂರು ಪುಟದ ಬಯೋಡೇಟಾ ಬೆಳಗ್ಗೆ ಆರೂವರೆಗೆ ಯಾರೂ ತೆರೆದು ನೋಡುವುದಿಲ್ಲ.

ಇನ್ನೊಂದು ಮುಖ್ಯ ಕಾರಣ ಋತು. ನೀವು ಬಂದಿರುವುದೇ ವರ್ಷದಲ್ಲಿ ಈ ಕೆಲಸ ತೀರಾ ಕಮ್ಮಿ ಇರುವ ಹೊತ್ತಿನಲ್ಲಿ. ಜನವರಿ ಕೊನೆಗೆ ಶಾಲೆ ಶುರುವಾಗುತ್ತದೆ. ಟೀಚರ್‌ಗಳೆಲ್ಲ ಬೇಸಿಗೆ ರಜೆ ಮುಗಿಸಿ ಗಟ್ಟಿಮುಟ್ಟಾಗಿ ಬಂದಿರುತ್ತಾರೆ, ಹೊಸ ಕ್ಲಾಸನ್ನು ಹದಕ್ಕೆ ತರುವ ತನಕ ಯಾರೂ ಸುಲಭಕ್ಕೆ ರಜೆ ಹಾಕುವುದಿಲ್ಲ. ಫೆಬ್ರವರಿಯಲ್ಲಿ ಹಳೆಯ ರಿಲೀಫ್ ಟೀಚರ್‌ಗಳಿಗೂ ಕೆಲಸ ಕಮ್ಮಿ. ಮಾರ್ಚ್‌ನಲ್ಲಿ ದೇಶದಾದ್ಯಂತ ನಡೆಯುವ ನ್ಯಾಪ್ಲಾನ್ ಪರೀಕ್ಷೆ, ಕ್ಯಾಂಪು, ಕ್ರೀಡಾಕೂಟ ಅಂತ ಸ್ವಲ್ಪ ಚಲನೆ ಶುರುವಾಗುತ್ತದೆ. ನಿಜವಾದ ಸುಗ್ಗಿ ಮೇ ತಿಂಗಳಿಂದ ಆಗಸ್ಟ್ ತನಕ. ಇಲ್ಲಿನ ಚಳಿಗಾಲ, ನೆಗಡಿ, ಫ್ಲೂ, ಜೂನ್‌ನಲ್ಲಿ ರಿಪೋರ್ಟ್ ಬರೆಯುವ ಒತ್ತಡ, ಎಲ್ಲ ಒಟ್ಟಿಗೆ ಬರುತ್ತವೆ. ಆಗ ಆರ್ಗನೈಸರ್‌ಗಳು ಹೆಸರು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಕೊನೆಗೆ ಗೊತ್ತಿಲ್ಲದವರಿಗೂ ಮಾಡುತ್ತಾರೆ. ಹಾಗಾಗಿ ಈಗಿನ ಎಂಟು ಹತ್ತು ವಾರ ಕೈಕಟ್ಟಿ ಕೂರುವ ಕಾಲವಲ್ಲ. ಮೇ ಬರುವಷ್ಟರಲ್ಲಿ ಐದಾರು ಶಾಲೆಯ ಪಟ್ಟಿಯಲ್ಲಿ ಮೇಲಿನ ಸಾಲಿಗೆ ಬಂದಿರಬೇಕು.

ಹೇಗೆ ಅಂತ ಹೇಳುತ್ತೇನೆ.

ಮೊದಲು ನಕ್ಷೆ ಚಿಕ್ಕದು ಮಾಡಿ. ಬೆಳಗ್ಗೆ ಏಳು ಗಂಟೆಯ ಟ್ರಾಫಿಕ್‌ನಲ್ಲಿ ನಿಮ್ಮ ಮನೆಯಿಂದ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ನಿಮಿಷದಲ್ಲಿ ಮುಟ್ಟುವ ಶಾಲೆಗಳನ್ನು ಮಾತ್ರ ಗುರುತು ಹಾಕಿ. ಟಾರ್ನೀಟ್, ಟ್ರುಗನೀನಾ, ಹಾಪರ್ಸ್ ಕ್ರಾಸಿಂಗ್, ವೆರಿಬೀ, ವಿಂಡಮ್ ವೇಲ್. ವೆಸ್ಟ್ ಗೇಟ್ ಸೇತುವೆ ದಾಟಬೇಕಾದ ಶಾಲೆಗಳನ್ನು ಬಿಟ್ಟುಬಿಡಿ. ಹೆಚ್ಚು ಶಾಲೆ ಅಂದರೆ ಹೆಚ್ಚು ಅವಕಾಶ ಎಂದು ಸುಮಾರು ಜನ ಅಂದುಕೊಳ್ಳುತ್ತಾರೆ. ಆದರೆ ಏಳೂವರೆಗೆ ಫೋನ್ ಬಂದು, ನೀವು ಒಂಬತ್ತೂಕಾಲಿಗೆ ಏದುಸಿರು ಬಿಡುತ್ತಾ ಹೋದರೆ ಆ ಶಾಲೆ ಮತ್ತೆ ಕರೆಯುವುದಿಲ್ಲ. 'ನಾನು ಹನ್ನೆರಡು ನಿಮಿಷದ ದೂರದಲ್ಲಿದ್ದೇನೆ' ಅನ್ನುವ ಮಾತು ಆರ್ಗನೈಸರ್ ಕಿವಿಗೆ ಎಷ್ಟು ಹಿತ ಅಂತ ನನಗೆ ಗೊತ್ತು. ನಿಮ್ಮ ಅದೃಷ್ಟಕ್ಕೆ ನೀವಿರುವುದು ಬೆಳೆಯುತ್ತಿರುವ ಕಡೆ. 2026ರೊಳಗೆ 100 ಹೊಸ ಶಾಲೆ ತೆರೆಯುವ ವಿಕ್ಟೋರಿಯಾ ಸರ್ಕಾರದ ಯೋಜನೆಯಲ್ಲಿ ಟಾರ್ನೀಟ್ ಸೇರಿದ ವಿಂಡಮ್ ಪ್ರದೇಶಕ್ಕೂ ಹಲವು ಬಂದಿವೆ. ಹೊಸ ಶಾಲೆಯ ಪಟ್ಟಿ ಇನ್ನೂ ಚಿಕ್ಕದಿರುತ್ತದೆ. ಮೊದಲು ಅಲ್ಲಿಗೆ ಹೋಗಿ. ಸರ್ಕಾರಿ ಶಾಲೆ ಮಾತ್ರ ಅಲ್ಲ, ಹತ್ತಿರದ ಕ್ಯಾಥೊಲಿಕ್ ಶಾಲೆಗಳನ್ನೂ ಕೇಳಿ. ಒಂದು ದಿನದ ಕೆಲಸಕ್ಕೆ ನೀವು ಕ್ರೈಸ್ತರಾಗಿರಬೇಕು ಅಂತೇನಿಲ್ಲ. ಬೆಳಗ್ಗೆ ಪ್ರಾರ್ಥನೆ ಇರುತ್ತದೆ, ಮಕ್ಕಳ ಜೊತೆ ಗೌರವದಿಂದ ನಿಂತರೆ ಸಾಕು. ವಿಶೇಷ ಅಗತ್ಯವಿರುವ ಮಕ್ಕಳ ಸ್ಪೆಷಲಿಸ್ಟ್ ಶಾಲೆಗಳೂ ಇವೆ. ಅಲ್ಲಿಗೆ ಹೋಗಲು ಅನೇಕರು ಹಿಂಜರಿಯುತ್ತಾರೆ, ಹಾಗಾಗಿ ಅವರಿಗೆ ಸದಾ ಜನ ಬೇಕು. ತಾಳ್ಮೆ ಇದ್ದರೆ ಖಂಡಿತ ಹೋಗಿ ನೋಡಿ. ಅಲ್ಲಿ ಕಲಿತದ್ದು ಬೇರೆ ಎಲ್ಲ ಕ್ಲಾಸಿನಲ್ಲೂ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಖುದ್ದಾಗಿ ಹೋಗಿ. ಬೆಳಗ್ಗೆ ಎಂಟೂವರೆಗೂ ಬೇಡ, ಮಧ್ಯಾಹ್ನ ಮೂರಕ್ಕೂ ಬೇಡ. ಆಗ ಆಫೀಸಿನ ಮುಂದೆ ಅಪ್ಪ ಅಮ್ಮಂದಿರ ಜಾತ್ರೆ. ಹತ್ತು ಗಂಟೆ ಸುಮಾರಿಗೆ ಹೋಗಿ. 'ನಾನು ರಿಜಿಸ್ಟರ್ಡ್ ಟೀಚರ್, ಹೊಸದಾಗಿ ಇಲ್ಲಿಗೆ ಬಂದಿದ್ದೇನೆ. ನಿಮ್ಮಲ್ಲಿ ರಿಲೀಫ್ ಟೀಚರ್‌ಗಳನ್ನು ಕರೆಯುವವರು ಯಾರು, ಒಂದು ನಿಮಿಷ ಸಿಗುತ್ತಾರಾ?' ಎಂದು ಕೇಳಿ. ಪ್ರೈಮರಿ ಶಾಲೆಗಳಲ್ಲಿ ಬಹಳ ಕಡೆ ಅಸಿಸ್ಟೆಂಟ್ ಪ್ರಿನ್ಸಿಪಾಲರೇ ಆ ಕೆಲಸ ನೋಡುತ್ತಾರೆ, ಕೆಲವು ಕಡೆ ಆಫೀಸ್ ಮ್ಯಾನೇಜರ್. ಅವರು ಸಿಗದಿದ್ದರೂ ಹೆಸರು ಕೇಳಿಕೊಂಡು ಬನ್ನಿ. ಆಫೀಸಿನಲ್ಲಿ ಕೂತವರ ಜೊತೆ ನಗುತ್ತಾ ಮಾತಾಡಿ, ಸುಮ್ನೆ ಕಾಗದ ಕೊಟ್ಟು ಬರಬೇಡಿ. ಆರ್ಗನೈಸರ್ ಆಗಿದ್ದಾಗ ನನಗೆ ಆಫೀಸಿನವರು 'ನಿನ್ನೆ ಒಬ್ಬರು ಬಂದಿದ್ದರು, ಒಳ್ಳೆಯವರ ಹಾಗೆ ಕಂಡರು' ಎಂದರೆ ಆ ಹೆಸರನ್ನು ಖಂಡಿತ ಒಮ್ಮೆ ಕರೆಸಿ ನೋಡುತ್ತಿದ್ದೆ.

ಕೈಯಲ್ಲಿ ಒಂದೇ ಪುಟ ಇರಲಿ. ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಫೋನ್ ನಂಬರ್. ಕೆಳಗೆ ವಿಕ್ಟೋರಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೀಚಿಂಗ್‌ನ, ಅಂದರೆ ವಿ.ಐ.ಟಿ.ಯ, ರಿಜಿಸ್ಟ್ರೇಶನ್ ನಂಬರ್. ವಾರದ ಯಾವ ಯಾವ ದಿನ ಬರಬಲ್ಲಿರಿ, ಯಾವ ಕ್ಲಾಸುಗಳು ಸಲೀಸು, ಮನೆಯಿಂದ ಎಷ್ಟು ನಿಮಿಷ. ಬೆಳಗ್ಗೆ ಎಷ್ಟು ಗಂಟೆಯಿಂದ ಫೋನ್ ತೆಗೆಯುತ್ತೀರಿ ಎಂಬುದನ್ನೂ ಬರೆಯಿರಿ. ಅಡಿಲೇಡ್‌ನ ಶಾಲೆಯಿಂದ ಇಬ್ಬರ ಹೆಸರು, ಅವರ ಒಪ್ಪಿಗೆ ಕೇಳಿಕೊಂಡು. ರಿಲೀಫ್ ಟೀಚರಿಗೆ ಅಲ್ಲಿ ಟಿ.ಆರ್.ಟಿ. ಅಂದರೆ ಇಲ್ಲಿ ಸಿ.ಆರ್.ಟಿ. ಅನ್ನುತ್ತಾರೆ, ಶಾಲೆಯ ಮೊದಲ ವರ್ಷದ ಕ್ಲಾಸ್ ಅಲ್ಲಿ ರಿಸೆಪ್ಶನ್, ಇಲ್ಲಿ ಪ್ರೆಪ್. ಹಾಳೆಯಲ್ಲಿ ಇಲ್ಲಿನ ಹೆಸರುಗಳೇ ಇರಲಿ, ಓದುವವರು ಒಂದು ಕ್ಷಣವೂ ತಡವರಿಸಬಾರದು.

ನೀವು ಬರೆಯದೆ ಬಿಟ್ಟಿರುವ ಒಂದು ಅಂಶ ನಿಮ್ಮ ದೊಡ್ಡ ಬಲ ಎಂದು ನನಗನಿಸುತ್ತದೆ. ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2018ರಿಂದಲೇ ಒಂದನೇ ತರಗತಿಯ ಮಕ್ಕಳಿಗೆ ಫೋನಿಕ್ಸ್, ಅಂದರೆ ಅಕ್ಷರಗಳ ಧ್ವನಿ ಕೂಡಿಸಿ ಓದುವ, ಪರೀಕ್ಷೆ ಇದೆ. ಅಲ್ಲಿ ಮೂರು ವರ್ಷ ಚಿಕ್ಕ ಕ್ಲಾಸುಗಳಿಗೆ ಹೋದವರಿಗೆ ಅಕ್ಷರ, ಧ್ವನಿ, ಕೂಡಿಸಿ ಓದಿಸುವ ಕ್ರಮ ಕೈಗೆ ಹತ್ತಿರುತ್ತದೆ. ವಿಕ್ಟೋರಿಯಾದಲ್ಲಿ 2025ರಿಂದ ಪ್ರೆಪ್‌ನಿಂದ ಎರಡನೇ ತರಗತಿ ತನಕ ದಿನಾ ಕನಿಷ್ಠ 25 ನಿಮಿಷ ಹೀಗೆ ವ್ಯವಸ್ಥಿತವಾಗಿ ಫೋನಿಕ್ಸ್ ಕಲಿಸಬೇಕೆಂದು ಸರ್ಕಾರ ಹೇಳಿದೆ. ಕ್ಲಾಸ್ ಟೀಚರ್ ಇಲ್ಲದ ದಿನವೂ ಆ ಪಾಠ ತಪ್ಪಬಾರದು. ಯಾವುದೇ ಮುನ್ಸೂಚನೆ ಇಲ್ಲದೆ ಬಂದು ಅದನ್ನು ಸರಿಯಾಗಿ ನಡೆಸಿಕೊಡುವ ರಿಲೀಫ್ ಟೀಚರ್ ಸಿಕ್ಕರೆ ಶಾಲೆಗೆ ದೊಡ್ಡ ನೆಮ್ಮದಿ. ನಿಮ್ಮ ಹಾಳೆಯಲ್ಲಿ ಇದು ಮೊದಲ ಸಾಲಿಗೇ ಬರಬೇಕು.

ಮಗಳು ಓದುವ ಶಾಲೆಯಲ್ಲೂ ಕೇಳಿ. ಸ್ವಂತ ಮಗು ಇರುವ ಶಾಲೆಯಲ್ಲಿ ರಿಲೀಫ್ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅವಳ ಕ್ಲಾಸಿಗೇ ಹಾಕಬೇಡಿ ಎಂದು ಮೊದಲೇ ಹೇಳಿದರೆ ಆಯಿತು. ಕೆಲಸ ಕೊಡುವುದು ತಡವಾದರೂ, ಬೆಳಗಿನ ಹೊತ್ತು ಮಕ್ಕಳಿಂದ ಪುಸ್ತಕ ಓದಿಸುವ ಪೇರೆಂಟ್ ಹೆಲ್ಪರ್ ಆಗಿ ಹೋಗಿ ಬನ್ನಿ. ಇಲ್ಲಿನ ಶಾಲೆ ಹೇಗೆ ನಡೆಯುತ್ತದೆ ಎಂದು ಗೊತ್ತಾಗುತ್ತದೆ, ನಿಮ್ಮ ಮುಖವೂ ಪರಿಚಯವಾಗುತ್ತದೆ.

ಮಗಳ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹೆಣ್ಣುಮಕ್ಕಳು ಕೆಲಸ ಕಳೆದುಕೊಳ್ಳುವುದು ಬಹಳ ಸಲ ಇಲ್ಲೇ. ಆರು ಮುಕ್ಕಾಲಿಗೆ ಫೋನ್ ಬಂದಾಗ 'ಒಂದು ನಿಮಿಷ, ಮಗುವನ್ನು ಬಿಡೋಕೆ ಯಾರಾದರೂ ಸಿಗ್ತಾರಾ ನೋಡಿ ಹೇಳ್ತೀನಿ' ಎಂದರೆ, ಆ ಒಂದು ನಿಮಿಷದಲ್ಲಿ ಆರ್ಗನೈಸರ್ ಮುಂದಿನ ಹೆಸರಿಗೆ ಹೋಗಿಯಾಗಿರುತ್ತದೆ. ಅವರಿಗೆ ಇನ್ನೂ ಮೂರು ಕ್ಲಾಸ್ ಬಾಕಿ ಇರುತ್ತವೆ. ಹಾಗಾಗಿ ಶಾಲೆಗೆ ಮುಂಚೆ ಮತ್ತು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ, ಮಗಳ ಶಾಲೆಯ ಬಿಫೋರ್ ಕೇರ್ ಮತ್ತು ಆಫ್ಟರ್ ಕೇರ್‌ಗೆ ಈಗಲೇ ಹೆಸರು ನೋಂದಾಯಿಸಿ. ದಿನಾ ಕಳಿಸಬೇಕಿಲ್ಲ. ಬೇಕಾದ ದಿನ ಮಾತ್ರ ಬುಕ್ ಮಾಡುವ ಕ್ಯಾಶುವಲ್ ಬುಕಿಂಗ್ ಇದೆಯಾ, ಅದೇ ದಿನ ಬೆಳಗ್ಗೆ ಬುಕ್ ಮಾಡಿದರೂ ನಡೆಯುತ್ತದಾ, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ, ಇಷ್ಟನ್ನು ಕೇಳಿ. ಅರ್ಹತೆ ಇದ್ದರೆ ಚೈಲ್ಡ್ ಕೇರ್ ಸಬ್ಸಿಡಿ ಇದಕ್ಕೂ ಸಿಗುತ್ತದೆ. ಯಜಮಾನರ ಜೊತೆಯೂ ಕೂತು ಮಾತಾಡಿ, ವಾರದಲ್ಲಿ ಯಾವ ಎರಡು ಬೆಳಗ್ಗೆ ಮಗಳ ಜವಾಬ್ದಾರಿ ಪೂರ್ತಿ ಅವರದು ಎಂದು ಗೊತ್ತುಮಾಡಿಕೊಳ್ಳಿ. ಸೋಮವಾರ, ಶುಕ್ರವಾರ ಫೋನ್ ಬರುವುದು ಜಾಸ್ತಿ. ಆ ದಿನಗಳಿಗೆ ಮೊದಲು ಏರ್ಪಾಡು ಮಾಡಿ. ರಾತ್ರಿಯೇ ಊಟದ ಡಬ್ಬಿ, ಬಟ್ಟೆ, ಬ್ಯಾಗು ರೆಡಿ ಇಟ್ಟು, ಆರೂಕಾಲಿಗೆ ಕಾಫಿ ಕುಡಿದು ಕೂತಿರಿ. ಫೋನ್ ಬಂದರೆ ಎರಡನೇ ರಿಂಗಿಗೆ ತೆಗೆದು 'ಬರ್ತೀನಿ' ಅನ್ನಬೇಕು. ಹೊಸ ಊರಿನಲ್ಲಿ ಮೊದಲ ಕೆಲವು ತಿಂಗಳು ಆ ಮಾತಿಗೆ ಬಹಳ ತೂಕ. ಒಂದು ಸಲ ಬೇಡ ಎಂದರೆ ಪರವಾಗಿಲ್ಲ. ಎರಡು ಮೂರು ಸಲ ಆದರೆ ಹೆಸರು ಕೆಳಗೆ ಜಾರುತ್ತದೆ.

ಮೊದಲ ಸಲ ಒಂದು ಶಾಲೆಗೆ ಹೋದ ದಿನ ಏನಾಗುತ್ತದೆ ಅಂತ ನಿಮಗೆ ಗೊತ್ತು. ಆದರೂ ಆರ್ಗನೈಸರ್ ಕಣ್ಣಿನಿಂದ ಒಮ್ಮೆ ನೋಡಿ. ಎಂಟು ಗಂಟೆ ದಾಟುತ್ತಿದ್ದಂತೆ ಆಫೀಸಿಗೆ ಬಂದು ಐಪ್ಯಾಡ್‌ನಲ್ಲಿ ಸೈನ್ ಇನ್ ಮಾಡುತ್ತೀರಿ. ಒಂದು ಫೋಲ್ಡರ್ ಕೊಡುತ್ತಾರೆ. ಅದರಲ್ಲಿ ಟೈಮ್ ಟೇಬಲ್, ಮಕ್ಕಳ ಪಟ್ಟಿ, ಶಾಲೆಯ ನಕ್ಷೆ, ಯಾರ್ಡ್ ಡ್ಯೂಟಿ (ಆಟದ ಹೊತ್ತಲ್ಲಿ ಮೈದಾನದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸರದಿ) ಎಲ್ಲಿ ಯಾವಾಗ, ಮತ್ತು ಅಲರ್ಜಿ, ಆಸ್ತಮಾ ಇರುವ ಮಕ್ಕಳ ಫೋಟೋ ಇರುತ್ತದೆ. ಬೇರೆ ಏನೂ ಓದಲು ಸಮಯ ಇಲ್ಲದಿದ್ದರೂ ಆ ಫೋಟೋಗಳನ್ನು ನೋಡಿ. ತೀವ್ರ ಅಲರ್ಜಿಯಾದಾಗ ಚುಚ್ಚುವ ಎಪಿಪೆನ್ ಇಂಜೆಕ್ಷನ್ ಎಲ್ಲಿದೆ ಎಂದು ಕೇಳಿ. ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೆ ಕುತ್ತು ತರುವಂಥ ಅಲರ್ಜಿಯ, ತರಬೇತಿ ಆನ್‌ಲೈನ್‌ನಲ್ಲೇ ಮಾಡಿ ಪ್ರಮಾಣಪತ್ರ ಇಟ್ಟುಕೊಂಡಿರಿ, ಶಾಲೆಗಳು ಕೇಳುತ್ತವೆ. ಮಕ್ಕಳ ರಕ್ಷಣೆಗೆ ಸಂಬಂಧಿಸಿದ ಇಲಾಖೆಯ ಮ್ಯಾಂಡೇಟರಿ ರಿಪೋರ್ಟಿಂಗ್ ಕೋರ್ಸನ್ನೂ ಹಾಗೇ. ಅಡಿಲೇಡ್‌ನಲ್ಲಿ ಮಾಡಿದ್ದೇನೆ ಎಂದು ಬಿಡಬೇಡಿ, ವಿಕ್ಟೋರಿಯಾದ್ದು ಬೇರೆ. ಒಂದು ದಿನಕ್ಕೆ ಬಂದವರಾದರೂ ಮಗು ಏನಾದರೂ ಗಾಬರಿಯ ವಿಷಯ ಹೇಳಿದರೆ, ಮೈಮೇಲೆ ಗಾಯ ಕಂಡರೆ, ಅದು ನಿಮ್ಮ ಹೊಣೆಯೇ. ಅದೇ ದಿನ, ಮನೆಗೆ ಹೊರಡುವ ಮೊದಲು ಪ್ರಿನ್ಸಿಪಾಲರಿಗೆ ತಿಳಿಸಿ, ಮುಂದೇನು ಮಾಡಬೇಕೆಂದು ಕೇಳಿ ಮಾಡಿ.

ಯಾರ್ಡ್ ಡ್ಯೂಟಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಸಬರು ಎಡವುವುದು ಅಲ್ಲೇ. ಕ್ಲಾಸ್ ಬಿಟ್ಟ ತಕ್ಷಣ ಮೈದಾನದ ಯಾವುದೋ ಮೂಲೆಯಲ್ಲಿ ಹೊಳೆಯುವ ಜಾಕೆಟ್ ಹಾಕಿಕೊಂಡು ನಿಂತಿರಬೇಕು. ಹೋಗಬೇಕಾದವರು ಹೋಗದಿದ್ದರೆ ಇಡೀ ಶಾಲೆಗೆ ಗೊತ್ತಾಗುತ್ತದೆ. ಬ್ಯಾಗಿನಲ್ಲಿ ಅಗಲ ಅಂಚಿನ ಟೋಪಿ ಇರಲಿ. ಶಾಲೆಯ ವರ್ಷದ ನಾಲ್ಕು ಟರ್ಮುಗಳಲ್ಲಿ ಬಿಸಿಲು ಇರುವವುಗಳಲ್ಲಿ ಮಕ್ಕಳಿಗೆ ಟೋಪಿ ಇಲ್ಲದೆ ಆಟ ಇಲ್ಲ, ಟೀಚರಿಗೂ ಅದೇ ನಿಯಮ. ಇನ್ನು, ಕೈಯಲ್ಲಿ ಫೋನ್ ಹಿಡಿದು ನಿಲ್ಲಬೇಡಿ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ 2020ರಿಂದ ಶಾಲೆಯ ಹೊತ್ತಿನಲ್ಲಿ ಮಕ್ಕಳು ಫೋನ್ ಬಳಸುವಂತಿಲ್ಲ. ಟೀಚರ್ ಬಳಸುವುದನ್ನು ಅವರು ತಕ್ಷಣ ಗಮನಿಸುತ್ತಾರೆ.

ಪಾಠದ ಬಗ್ಗೆ ನನ್ನದೊಂದೇ ಮಾತು. ಕ್ಲಾಸ್ ಟೀಚರ್ ಬಿಟ್ಟುಹೋದ ಪ್ಲಾನ್ ಇದ್ದರೆ ಅದನ್ನೇ ಮಾಡಿ, ನಿಮ್ಮದು ಎಷ್ಟೇ ಚೆನ್ನಾಗಿದ್ದರೂ. ಪ್ಲಾನ್ ಇಲ್ಲದ ದಿನಕ್ಕೆ ಮಾತ್ರ ನಿಮ್ಮ ಬ್ಯಾಗಿನಲ್ಲಿ ಒಂದು ಚಿತ್ರಪುಸ್ತಕ, ಒಂದು ಜೊತೆ ದಾಳ, ಒಂದೆರಡು ಬರೆಯುವ ಚಟುವಟಿಕೆ ಇರಲಿ. ನಮ್ಮ ಪಂಚತಂತ್ರದ ಕಥೆಗಳನ್ನು ಧೈರ್ಯವಾಗಿ ಹೇಳಿ. ಮೊಸಳೆಗೆ ತನ್ನ ಹೃದಯವನ್ನು ಮರದ ಮೇಲೆ ಬಿಟ್ಟು ಬಂದಿದ್ದೇನೆ ಎಂದು ಕೋತಿ ಹೇಳುವ ಜಾಗಕ್ಕೆ ಬಂದಾಗ ಎರಡನೇ ತರಗತಿಯ ಗಲಾಟೆ ಮಕ್ಕಳೂ ಬಾಯಿಬಿಟ್ಟು ಕೂತು ಕೇಳುವುದನ್ನು ನಾನು ನೋಡಿದ್ದೇನೆ. ಅಲ್ಲಿಗೇ ನಿಲ್ಲಿಸಿ, 'ಮುಂದೆ ಏನಾಯಿತು, ಬರೆಯಿರಿ' ಎಂದರೆ ಅರ್ಧ ಗಂಟೆ ಬರವಣಿಗೆ ಆಗುತ್ತದೆ.

ದಿನದ ಕೊನೆಯ ಹದಿನೈದು ನಿಮಿಷದಲ್ಲಿ ನಿಮ್ಮ ಮುಂದಿನ ಫೋನ್ ನಿರ್ಧಾರವಾಗುತ್ತದೆ. ಮಕ್ಕಳು ಬರೆದದ್ದನ್ನು ತಿದ್ದಿ ಇಡಿ. ಕುರ್ಚಿಗಳು ಮೇಲೆ, ನೆಲ ಚೊಕ್ಕಟ. ಟೀಚರ್ ಮೇಜಿನ ಮೇಲೆ ಅರ್ಧ ಪುಟದ ಒಂದು ಚೀಟಿ. ಅದು ಹೀಗಿರಲಿ: 'ಓದು, ಗಣಿತ ಪೂರ್ತಿ ಆಯಿತು. ಬರವಣಿಗೆ ಅರ್ಧಕ್ಕೆ ನಿಂತಿದೆ, ಹಾಳೆಗಳು ನೀಲಿ ಟ್ರೇನಲ್ಲಿವೆ. ಇಬ್ಬರು ಗೈರು, ಒಬ್ಬರು ಹನ್ನೊಂದಕ್ಕೆ ಮನೆಗೆ ಹೋದರು, ಆಫೀಸಿಗೆ ಗೊತ್ತಿದೆ. ಊಟದ ಹೊತ್ತಲ್ಲಿ ಚೆಂಡಿನ ವಿಷಯಕ್ಕೆ ಇಬ್ಬರು ಜಗಳ ಮಾಡಿಕೊಂಡರು, ಮಾತಾಡಿಸಿ ಸರಿಮಾಡಿದೆ. ಕಿಟಕಿ ಪಕ್ಕದ ಗುಂಪು ಇವತ್ತು ತುಂಬಾ ಚೆನ್ನಾಗಿ ಕೆಲಸ ಮಾಡಿತು.' ಮಕ್ಕಳ ಮೇಲೆ ದೂರುಗಳ ಪಟ್ಟಿ ಬರೆಯಬೇಡಿ. ಮರುದಿನ ಆ ಟೀಚರ್ ಬಂದು ಚೀಟಿ ಓದಿ, ಸ್ಟಾಫ್ ರೂಮಿನಲ್ಲಿ ಆರ್ಗನೈಸರ್‌ಗೆ 'ನಿನ್ನೆ ಬಂದವರು ಯಾರು? ಇನ್ನೊಮ್ಮೆ ನಾನು ರಜೆ ಹಾಕಿದರೆ ಅವರನ್ನೇ ಕರೆಸಿ' ಎನ್ನುತ್ತಾರೆ. ನನ್ನ ಪಟ್ಟಿಯಲ್ಲಿ ಮೇಲಿದ್ದ ಹೆಸರುಗಳೆಲ್ಲ ಹೀಗೇ ಮೇಲೆ ಬಂದವು. ಹೊರಡುವಾಗ ಆರ್ಗನೈಸರ್‌ಗೆ ಮುಖ ತೋರಿಸಿ, 'ಈ ವಾರ ಗುರುವಾರ, ಶುಕ್ರವಾರ ಖಾಲಿ ಇದ್ದೇನೆ' ಎಂದು ಹೇಳಿ ಹೋಗಿ.

ಉಚ್ಚಾರಣೆ ಬಗ್ಗೆ ಕೇಳಿದ್ದೀರಿ. ಮೂರು ವರ್ಷ ಅಡಿಲೇಡ್ ಮಕ್ಕಳಿಗೆ ಅರ್ಥವಾದ ಇಂಗ್ಲಿಷ್ ಮೆಲ್ಬರ್ನ್ ಮಕ್ಕಳಿಗೂ ಅರ್ಥವಾಗುತ್ತದೆ. ಟಾರ್ನೀಟ್ ಕಡೆಯ ಕ್ಲಾಸುಗಳಲ್ಲಿ ಮನೆಯಲ್ಲಿ ಪಂಜಾಬಿ, ಹಿಂದಿ, ತೆಲುಗು ಮಾತಾಡುವ ಮಕ್ಕಳು ತುಂಬಾ ಇದ್ದಾರೆ, ನಿಮ್ಮ ಹೆಸರನ್ನು ಸರಿಯಾಗಿ ಕರೆಯುವವರೂ ಸಿಗುತ್ತಾರೆ. ಹೊಸ ಟೀಚರನ್ನು ಮಕ್ಕಳು ಪರೀಕ್ಷೆ ಮಾಡುವುದು ಉಚ್ಚಾರಣೆ ಹಿಡಿದು ಅಲ್ಲ, ದಿನದ ಮೊದಲ ಹತ್ತು ನಿಮಿಷ ಹಿಡಿದು. ನಮ್ಮ ಕಡೆ ದನಿ ಎತ್ತಿದರೆ ಕ್ಲಾಸ್ ಸುಮ್ಮನಾಗುತ್ತದೆ, ಇಲ್ಲಿ ಗಲಾಟೆ ಇನ್ನೂ ಏರುತ್ತದೆ. ಪಕ್ಕದ ಕ್ಲಾಸಿನ ಟೀಚರನ್ನು ಬೆಳಗ್ಗೆಯೇ 'ಈ ಮಕ್ಕಳನ್ನು ಸುಮ್ಮನಾಗಿಸಲು ಏನು ಹೇಳುತ್ತೀರಿ?' ಎಂದು ಕೇಳಿಟ್ಟುಕೊಳ್ಳಿ. 'ಒನ್ ಟೂ ತ್ರೀ, ಐಸ್ ಆನ್ ಮಿ' (ಕಣ್ಣು ನನ್ನ ಕಡೆ) ಎಂದರೆ 'ಒನ್ ಟೂ, ಐಸ್ ಆನ್ ಯೂ' ಎಂದು ಕೂಗಿ ತಿರುಗುವ ಕ್ಲಾಸುಗಳಿವೆ. ಕೈ ತಲೆ ಮೇಲಿಟ್ಟರೆ ನಿಲ್ಲುವ ಕ್ಲಾಸುಗಳಿವೆ. ಅವರ ಸನ್ನೆಯನ್ನೇ ಬಳಸಿದರೆ ಅರ್ಧ ಕೆಲಸ ಆದ ಹಾಗೆ. ಸೂಚನೆ ಚಿಕ್ಕದಾಗಿರಲಿ, ಬೋರ್ಡ್ ಮೇಲೂ ಬರೆಯಿರಿ. ಇಷ್ಟು ಸಾಕು. ಎರಡು ತಿಂಗಳು ಫೋನ್ ಬರಲಿಲ್ಲ ಎಂದು ನಿಮ್ಮ ದನಿಯ ಮೇಲೆ ನೀವೇ ಅನುಮಾನ ಪಡಬೇಡಿ. ಆ ದನಿಯನ್ನು ಕೇಳಿ ಬೇಡ ಎಂದವರು ಯಾರೂ ಇಲ್ಲ.

ಏಜೆನ್ಸಿ ಬಿಡಬೇಕಾ ಎಂದರೆ, ಬೇಡ. ಹೊಸ ಊರಿನಲ್ಲಿ ಬೇರೆ ಬೇರೆ ಶಾಲೆಗಳ ಒಳಗೆ ಕಾಲಿಡಲು ಅದು ಒಳ್ಳೆಯ ದಾರಿ. ಆದರೆ ಎರಡು ವಿಷಯ ನೋಡಿಕೊಳ್ಳಿ. ವಿಕ್ಟೋರಿಯಾದಲ್ಲಿ ಕೆಲಸಗಾರರನ್ನು ಒದಗಿಸುವ ಕಂಪನಿಗಳಿಗೆ ಲೇಬರ್ ಹೈರ್ ಅಥಾರಿಟಿಯ ಲೈಸೆನ್ಸ್ ಇರಬೇಕು. ಅವರ ವೆಬ್‌ಸೈಟ್‌ನಲ್ಲೇ ಹೆಸರು ಹುಡುಕಿ ನೋಡಬಹುದು. ಇನ್ನೊಂದು, ಏಜೆನ್ಸಿ ಮೂಲಕ ಹೋದ ಶಾಲೆ ನಿಮ್ಮನ್ನು ನೇರವಾಗಿ ಕರೆಯಲು ಬಯಸಿದರೆ ಏನು ನಿಯಮ ಎಂದು ಒಪ್ಪಂದದಲ್ಲಿ ಓದಿ ನೋಡಿ. ಕೆಲವು ಒಪ್ಪಂದಗಳಲ್ಲಿ ಶಾಲೆ ಅದಕ್ಕೆ ಶುಲ್ಕ ಕಟ್ಟಬೇಕಾಗುತ್ತದೆ. ಆ ಶುಲ್ಕಕ್ಕೆ ಹೆದರಿ ಶಾಲೆ ಹಿಂದೆ ಸರಿಯಬಹುದು. ಅದಕ್ಕೇ ಮನೆಗೆ ಹತ್ತಿರದ ಐದಾರು ಶಾಲೆಗಳಿಗೆ ನೀವೇ ಮೊದಲು ಹೋಗಿ ಪರಿಚಯ ಮಾಡಿಕೊಳ್ಳಿ, ದೂರದ ಶಾಲೆಗಳನ್ನು ಏಜೆನ್ಸಿಗೆ ಬಿಡಿ. ದಿನದ ಸಂಬಳವೂ ಏಜೆನ್ಸಿ ಮೂಲಕ ಹೋದಾಗ, ನೇರ ಹೋದಾಗ ಒಂದೇ ಇರಬೇಕೆಂದಿಲ್ಲ. ಕೇಳಲು ಸಂಕೋಚ ಬೇಡ.

ದುಡ್ಡಿನ ವಿಷಯಕ್ಕೆ ಬಂದರೆ, ಶಾಲೆ ನಡೆಯುವುದು ವರ್ಷಕ್ಕೆ ಸುಮಾರು ನಲವತ್ತು ವಾರ. ಉಳಿದ ಹನ್ನೆರಡು ವಾರ ನಿಮಗೆ ಆದಾಯ ಇಲ್ಲ, ಅದರಲ್ಲೂ ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಕೈ ಖಾಲಿ. ಜೂನ್, ಜುಲೈನಲ್ಲಿ ಬಂದದ್ದರಲ್ಲಿ ಒಂದು ಭಾಗ ಎತ್ತಿಡಲೇಬೇಕು. ನೀವು ಎರಡು ಏಜೆನ್ಸಿ, ನಾಲ್ಕು ಶಾಲೆ ಎಂದು ಹಲವರ ಹತ್ತಿರ ಸಂಬಳ ತೆಗೆದುಕೊಳ್ಳುತ್ತೀರಿ. ತೆರಿಗೆ ಫಾರಂನಲ್ಲಿ 18,200 ಡಾಲರ್‌ನ ತೆರಿಗೆರಹಿತ ಮಿತಿಯನ್ನು ಒಬ್ಬರ ಹತ್ತಿರ ಮಾತ್ರ ಕೇಳಿ. ಹೆಚ್ಚು ಕೆಲಸ ಕೊಡುವವರ ಹತ್ತಿರ ಕೇಳಿದರೆ ಒಳ್ಳೆಯದು. ಎಲ್ಲರ ಹತ್ತಿರವೂ ಟಿಕ್ ಹಾಕಿದರೆ ವರ್ಷದ ಕೊನೆಗೆ ಒಟ್ಟಿಗೆ ಕಟ್ಟಬೇಕಾಗಿ ಬರುತ್ತದೆ. ಕೆಲಸ ಕೊಡುವವರು ನಿಮ್ಮ ನಿವೃತ್ತಿಗೆಂದು ಕಟ್ಟುವ ಸೂಪರ್ ಹಣವನ್ನು ಎಲ್ಲರೂ ಒಂದೇ ಖಾತೆಗೆ ಹಾಕುವಂತೆ ನೋಡಿಕೊಳ್ಳಿ. ವಿ.ಐ.ಟಿ. ರಿಜಿಸ್ಟ್ರೇಶನ್ ನವೀಕರಣ ಸೆಪ್ಟೆಂಬರ್ 30ಕ್ಕೆ. ಅದಕ್ಕೆ ವರ್ಷಕ್ಕೆ 20 ದಿನ ಪಾಠ, 20 ಗಂಟೆ ತರಬೇತಿ ಬೇಕು. ಪ್ರತಿ ತರಬೇತಿಯನ್ನೂ ಆಗಿಂದಾಗ್ಗೆ ಬರೆದಿಟ್ಟುಕೊಳ್ಳಿ. ಶಾಲೆಯ ತರಬೇತಿ ದಿನಗಳಿಗೆ ಹೊರಗಿನ ರಿಲೀಫ್ ಟೀಚರ್‌ಗಳನ್ನೂ ಕೂರಿಸಿಕೊಳ್ಳುತ್ತಾರಾ ಎಂದು ಕೇಳಿ ನೋಡಿ. ಸಂಬಳ ಇರದಿದ್ದರೂ ಗಂಟೆ ಸಿಗುತ್ತದೆ, ಇಡೀ ಶಾಲೆಯ ಪರಿಚಯವೂ ಆಗುತ್ತದೆ.

ಕಾಂಟ್ರಾಕ್ಟ್ ಬಗ್ಗೆ: ಈಗಲೇ ಅರ್ಜಿ ಹಾಕಿದರೆ ತಪ್ಪೇನಿಲ್ಲ. ಆದರೆ ನನ್ನನ್ನು ಕೇಳಿದರೆ ಎರಡು ಟರ್ಮ್ ರಿಲೀಫ್ ಕೆಲಸ ಮಾಡಿ, ನಾಲ್ಕಾರು ಶಾಲೆಯ ಒಳಗು ನೋಡಿ, ಆಮೇಲೆ ಆರಿಸಿಕೊಳ್ಳಿ ಅಂತೇನೆ. ಶಾಲೆಗೆ ನಿಮ್ಮನ್ನು ಆರಿಸುವ ಹಕ್ಕಿರುವಂತೆ ನಿಮಗೂ ಇದೆ. ಯಾವ ಸ್ಟಾಫ್ ರೂಮಿನಲ್ಲಿ ರಿಲೀಫ್ ಟೀಚರಿಗೂ ಕುರ್ಚಿ ಸರಿಸಿ ಜಾಗ ಕೊಡುತ್ತಾರೆ, ಯಾವ ಪ್ರಿನ್ಸಿಪಾಲರು ಕಷ್ಟದ ಕ್ಲಾಸಿಗೆ ತಾವೇ ಬಂದು ನಿಲ್ಲುತ್ತಾರೆ, ಇದೆಲ್ಲ ಹೊರಗಿನಿಂದ ಕಾಣುವುದಿಲ್ಲ. ಮುಂದಿನ ವರ್ಷದ ಜಾಗಗಳು ನಾಲ್ಕನೇ ಟರ್ಮಿನಲ್ಲಿ, ಅಂದರೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಜಾಸ್ತಿ ಬರುತ್ತವೆ. ಅಷ್ಟರೊಳಗೆ ನಡುವೆ ಯಾರಾದರೂ ಹೆರಿಗೆ ರಜೆಗೋ ದೀರ್ಘ ರಜೆಗೋ ಹೋದಾಗ ಗೊತ್ತಿರುವ ರಿಲೀಫ್ ಟೀಚರನ್ನೇ ಮೊದಲು ಕೇಳುವುದು ಸಾಮಾನ್ಯ. ಒಂದೇ ಕ್ಲಾಸಿನಲ್ಲಿ ವಾರಗಟ್ಟಲೆ ಮುಂದುವರಿಯಿರಿ ಎಂದು ಕೇಳಿದರೆ, ದಿನಗೂಲಿ ಲೆಕ್ಕದಲ್ಲೇ ಇರುತ್ತೀರಾ ಅಥವಾ ರಜೆ, ರಜಾ ಸಂಬಳ ಸೇರಿದ ನಿಗದಿತ ಅವಧಿಯ ಕಾಂಟ್ರಾಕ್ಟ್ ಕೊಡುತ್ತಾರಾ ಎಂದು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಅನುಮಾನವಿದ್ದರೆ ಯೂನಿಯನ್‌ನವರನ್ನು ಕೇಳಿ. ಸರ್ಕಾರಿ ಶಾಲೆಗಳಿಗೆ ಆಸ್ಟ್ರೇಲಿಯನ್ ಎಜುಕೇಶನ್ ಯೂನಿಯನ್ ಇದೆ, ರಿಲೀಫ್ ಟೀಚರ್‌ಗಳೂ ಸದಸ್ಯರಾಗಬಹುದು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಈ ಮೇಡಂಗೆ ರಿಜಿಸ್ಟ್ರೇಶನ್ ಬೇಗ ಬಂದದ್ದು ಅವರು ಆಸ್ಟ್ರೇಲಿಯಾದ ಇನ್ನೊಂದು ರಾಜ್ಯದಲ್ಲಿ ಆಗಲೇ ರಿಜಿಸ್ಟರ್ ಆಗಿದ್ದರಿಂದ. 1992ರ ಮ್ಯೂಚುಯಲ್ ರೆಕಗ್ನಿಶನ್ ಕಾಯ್ದೆಯ ಪ್ರಕಾರ ಒಂದು ರಾಜ್ಯದ ರಿಜಿಸ್ಟ್ರೇಶನ್ ತೋರಿಸಿ ಇನ್ನೊಂದು ರಾಜ್ಯದಲ್ಲಿ ಕೇಳಬಹುದು. ನೇರ ಕರ್ನಾಟಕದಿಂದ ಬರುವವರ ದಾರಿ ಉದ್ದ. ಪದವಿ, ಬಿ.ಎಡ್. ಎರಡರ ಅಂಕಪಟ್ಟಿ, ಬಿ.ಎಡ್. ಹೊತ್ತಿನಲ್ಲಿ ಶಾಲೆಯಲ್ಲಿ ಎಷ್ಟು ದಿನ ಪಾಠ ಅಭ್ಯಾಸ ಮಾಡಿದಿರಿ ಎಂದು ಕಾಲೇಜಿನಿಂದ ಬರೆಸಿದ ಪತ್ರ, ಪೊಲೀಸ್ ಪ್ರಮಾಣಪತ್ರ, ಇಂಗ್ಲಿಷ್ ಪರೀಕ್ಷೆ ಎಲ್ಲ ಬೇಕು. ಟೀಚರ್‌ಗಳಿಗೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಕೇಳುವುದು, ಮಾತಾಡುವುದರಲ್ಲಿ 8, ಓದು, ಬರಹದಲ್ಲಿ 7 ಕೇಳುತ್ತಾರೆ. ಅದು ಸುಲಭದ ಅಂಕವಲ್ಲ, ಊರಿನಲ್ಲಿರುವಾಗಲೇ ತಯಾರಿ ಶುರುಮಾಡಿ. ಅಭ್ಯಾಸ ಪಾಠದ ಪತ್ರವನ್ನೂ ಊರು ಬಿಡುವ ಮೊದಲೇ ತೆಗೆದುಕೊಳ್ಳಿ. ಇಲ್ಲಿಂದ ಫೋನ್ ಮಾಡಿ ಕಾಲೇಜಿನವರಿಂದ ಅದನ್ನು ಬರೆಸುವುದು ತಿಂಗಳುಗಟ್ಟಲೆಯ ಕೆಲಸ.

ಮೇಡಂ, ಈ ವಾರ ಎರಡು ಶಾಲೆಗೆ ಹೋಗಿ ಬನ್ನಿ. ಮುಂದಿನ ವಾರ ಇನ್ನೆರಡು. ಯಾರನ್ನು ಭೇಟಿ ಮಾಡಿದಿರಿ, ಅವರು ಏನೆಂದರು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಎರಡನೇ ಟರ್ಮ್ ಶುರುವಾಗುವ ಹಿಂದಿನ ವಾರ ಅವರಿಗೆಲ್ಲ ಎರಡು ಸಾಲಿನ ಮೆಸೇಜ್ ಹಾಕಿ, ಯಾವ ದಿನ ಬರಬಲ್ಲಿರಿ ಎಂದು ನೆನಪಿಸಿ. ಜೂನ್ ಮುಗಿಯುವ ಹೊತ್ತಿಗೂ ವಾರಕ್ಕೆ ಎರಡು ದಿನ ಕೆಲಸ ಸಿಗದಿದ್ದರೆ ಆ ಪುಸ್ತಕದಲ್ಲಿ ಬರೆದದ್ದನ್ನೂ ನಿಮ್ಮ ಒಂದು ಪುಟದ ಹಾಳೆಯನ್ನೂ ನನಗೆ ಕಳಿಸಿ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೂತು ನೋಡೋಣ.